ಕಾಕಾನ ಬಳಿ ಬಿಟ್ಟುಹೋದ ಕೊಳಲು

ಧಾರವಾಡದಿಂದ ನಾಗಪುರಕ್ಕೆ ಮರಳಿದ ಮರುದಿನವೇ ಇಲ್ಲಿನ ಹಳೆಯ ಬಡಾವಣೆಯಾದ ಸದರ್‌ಗೆ ಹೋಗಿ, ಕಾಕಾನ ಮನೆಯಿಂದ ನನ್ನ ಮರದ ಕೊಳಲನ್ನು ತಂದೆ. ಮನೆಯಲ್ಲಿ ಅದರ ಮೂರು ತುಂಡುಗಳನ್ನು ಜೋಡಿಸಿ ತುಟಿಗಿಟ್ಟೆ. ಇದು ನನ್ನದಲ್ಲ ಅನ್ನಿಸಿತು.

ಮೊದಲು ತುಟಿಗೆ ಅನ್ನಿಸಿತು, ಆಮೇಲೆ ಬೆರಳಿಗೆ, ಕಡೆಗೆ ತಲೆಗೆ ಎಂದು ಬರೆಯಲು ಹೊರಟಿದ್ದೆ. ಓದಲು ಚೆನ್ನಾಗಿರುತ್ತದೆ. ಆದರೆ ಹಾಗೆ ಸಾಲಾಗಿ ಆಯಿತೆಂದು ನಾನು ಪ್ರಮಾಣ ಮಾಡಲಾರೆ. ಸದರ್‌ನಿಂದ ಬರುವ ಆಟೋದಲ್ಲೇ, ಪೆಟ್ಟಿಗೆ ತೊಡೆಯ ಮೇಲಿದ್ದಾಗಲೇ ಅನುಮಾನ ಶುರುವಾಗಿತ್ತೇನೋ. ಪೆಟ್ಟಿಗೆ ಕೊಡುವಾಗ ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಯಾವತ್ತೂ ಹಾಗೆ ಕೊಟ್ಟವರಲ್ಲ.

ಕಾಕಾ ನನಗೆ ಬಳಗವಲ್ಲ. ಬೆಳಗಾವಿ ಕಡೆಯವರು. ಸೈನ್ಯದ ಬ್ಯಾಂಡಿನಲ್ಲಿ ಊದುವವರಾಗಿದ್ದು, ನಾಗಪುರದ ಪಕ್ಕದ ದಂಡಿನ ಊರು ಕಾಮ್ಠಿಯಲ್ಲಿ ನಿವೃತ್ತರಾಗಿ ಸದರ್‌ನಲ್ಲಿ ಒಂದು ಬೇಕರಿಯ ಮೇಲಿನ ಮನೆಯಲ್ಲಿ ಹೆಂಡತಿಯೊಂದಿಗೆ ಉಳಿದವರು. ನಾನು ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗಾಳಿಯ ಕಂಬ ಉದ್ದವಾದಂತೆ ಸ್ವರ ಇಳಿಯುತ್ತದೆ ಎಂದು ಮಕ್ಕಳಿಗೆ ತೋರಿಸಲು ಒಂದು ಟಿನ್ ವಿಸಲ್ ಕೊಂಡಿದ್ದೆ: ತಗಡಿನ ಕೊಳವೆ, ಆರು ತೂತು, ಹಸಿರು ಪ್ಲಾಸ್ಟಿಕ್ಕಿನ ಮೂತಿ. ಪಾಠ ಮುಗಿದರೂ ಅದು ನನ್ನ ಚೀಲದಲ್ಲೇ ಉಳಿಯಿತು. ಮೈಸೂರಿನವನಾದ ನನ್ನ ಗಂಡ, "ಕುಕ್ಕರ್ ಕೂಗ್ತಿದೆ ಅಂತ ಎದ್ದು ಹೋದೆ ಕಣೇ, ನೋಡಿದ್ರೆ ನೀನು!" ಎಂದು ದಿನಾ ನಗುತ್ತಿದ್ದ. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಕುಳಿತಾಗ ಚೀಲದಿಂದ ಹೊರಗಿಣುಕಿದ ಆ ಹಸಿರು ಮೂತಿಯನ್ನು ಪಕ್ಕದಲ್ಲಿದ್ದ ಮುದುಕರು, ಈ ಕಾಕಾ, ಕೇಳದೆಯೇ ಎಳೆದು ತೆಗೆದರು. ಬೆಳಕಿಗೆ ಹಿಡಿದು ಕೊಳವೆಯೊಳಗೆ ಒಂದು ಕಣ್ಣಿಟ್ಟು ನೋಡಿದರು.

"ತಂಗಿ, ಇದನ್ನ ಯಾರು ಆರಿಸಿದ್ರು?"

"ಅಂಗಡಿಯವ ಕೊಟ್ಟಾನ್ರಿ."

"ಅದಕ್ಕ ಹಿಂಗೈತಿ. ಮೂತಿ ಸೊಟ್ಟ ಕುಂತೈತಿ ನೋಡು. ಮ್ಯಾಲಿನ ಸ್ವರ ಊದಿದ್ರ ಬೆಕ್ಕಿನ ಬಾಲ ತುಳದಂಗ ಆಗತೈತಿ. ಬರೋಬರ್?"

ಬರೋಬರ್, ಅವರು ಹೇಳಿದಂತೆಯೇ ಇತ್ತು. ಅವತ್ತೇ ಅವರು ಬಿಸಿ ಸಾರಿನ ಬಟ್ಟಲಿಗೆ ಆ ಮೂತಿಯನ್ನು ತಾಗಿಸಿ ಹಿಡಿದು, ಪ್ಲಾಸ್ಟಿಕ್ ಮೆತ್ತಗಾದ ಮೇಲೆ ತಿರುಗಿಸಿ ಕೂರಿಸಿದರು. ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ನಾನು ಸದರ್‌ಗೆ ಹೋಗತೊಡಗಿದೆ. ಅವರು ಕಲಿಸಿದ್ದು ಕಡಿಮೆ, ಬೈದದ್ದು ಹೆಚ್ಚು. ಜೋರಾಗಿ ಊದಬೇಡ, ತಗಡು ಬೇಡುವುದಿಲ್ಲ. ಎಂಜಲು ಕಟ್ಟಿದರೆ ಮೂತಿಯ ಕಿಂಡಿಯನ್ನು ಬೆರಳಲ್ಲಿ ಮುಚ್ಚಿ ಒಮ್ಮೆ ಊದಿಬಿಡು. ಉಗುರುಬೆಚ್ಚಗಿನ ನೀರಲ್ಲಿ ತೊಳೆ, ಕುದಿಯುವ ನೀರಲ್ಲಿ ಅಲ್ಲ. ಇಷ್ಟೇ.

ಮರದ ಕೊಳಲಿನ ವಿಷಯಕ್ಕೆ ಬರುತ್ತೇನೆ. ಸದರ್‌ನ ಹಳೆಯ ಬಂಗಲೆಯೊಂದನ್ನು ಖಾಲಿ ಮಾಡುತ್ತಿದ್ದ ಕುಟುಂಬದವರ ಟ್ರಂಕಿನಲ್ಲಿ ಎರಡು ಕರಿ ಮರದ ಕೊಳಲುಗಳಿದ್ದವು. ನಮ್ಮ ಬಿದಿರಿನ ಕೊಳಲಲ್ಲ. ಸಾಗುವಾನಿಗಿಂತ ಭಾರದ, ನೀರಿನಲ್ಲಿ ಹಾಕಿದರೆ ಮುಳುಗುವಂಥ ಮರವನ್ನು ಕಡೆದು ಮಾಡಿದವು. ಜೋಡಿಸುವ ಕಡೆಗಳಲ್ಲಿ ಬೆಳ್ಳಿಯ ಪಟ್ಟಿ. ಎರಡೂ ಒಬ್ಬನೇ ಮಾಡಿದ್ದು, ಒಂದೇ ಮರದ್ದು. ಕಾಕಾ ಒಂದು ತೆಗೆದುಕೊಂಡರು, ನಾನು ಒಂದು.

ಯಾರು ಮೊದಲು ಆರಿಸಿದ್ದು? ಒಂದು ನೆನಪಿನಲ್ಲಿ ಕಾಕಾ, "ನೀ ಆರಿಸು ತಂಗಿ, ನಂದು ಹೆಂಗಿದ್ರೂ ನಡೀತೈತಿ," ಅನ್ನುತ್ತಾರೆ. ಇನ್ನೊಂದರಲ್ಲಿ ನಾನು ಆ ಬಂಗಲೆಯ ಕಿಟಕಿಯ ಬಳಿ ಒಂದನ್ನು ಹಿಡಿದು ನಿಂತಿದ್ದೇನೆ, ಅವರು, "ಅದನ್ನ ಬಿಡು, ಕಣ್ಣಿಲೆ ಕೊಳಲ ಆರಿಸ್ತಾರೇನು?" ಅನ್ನುತ್ತಾರೆ, ನಾನು ಬಿಡುವುದಿಲ್ಲ. ಎರಡನೆಯದು ನನಗೆ ಹೆಚ್ಚು ಇಷ್ಟ, ಆದ್ದರಿಂದಲೇ ಅದನ್ನು ಕಡಿಮೆ ನಂಬುತ್ತೇನೆ. ಒಂದು ಮಾತ್ರ ಖಂಡಿತ: ನಾನು ಅದನ್ನು ಕಣ್ಣಿನಿಂದಲೇ ಆರಿಸಿದ್ದೆ. ನಡುವಿನ ತುಂಡಿನ ಪಕ್ಕದಲ್ಲಿ, ಕಪ್ಪಿನ ಮಧ್ಯೆ, ಜೇನಿನ ಬಣ್ಣದ ಒಂದು ಓರೆ ಗೆರೆಯಿತ್ತು. ಅದಕ್ಕೆ ಮರುಳಾಗಿದ್ದೆ.

ಇದನ್ನು ಇಷ್ಟು ದೊಡ್ಡದು ಮಾಡುವುದು ಯಾಕೆ ಎಂದರೆ, ನಮ್ಮಂಥವರ ಮನೆಯಲ್ಲಿ ಆರಿಸಿದ್ದು ಎಂಬುದು ಅಪರೂಪ. ಊರು ವರ್ಗಾವಣೆಯದು, ಮನೆ ಕ್ವಾರ್ಟರ್ಸು, ಮಂಚ ಇಲಾಖೆಯದು. ಪಕ್ಕದ ಮನೆಯವರು, ಹಾಲಿನವನು, ಕಿಟಕಿಯಾಚೆಯ ಮರ, ಎಲ್ಲ ಬಂದ ಮೇಲೆ ಸಿಕ್ಕವು. ಹಾಸಿಗೆಯ ಮೇಲಿನ ಹೊದಿಕೆ ಬಿಟ್ಟರೆ, ನಾನು ನಿಂತು, ನೋಡಿ, ಇದೇ ಬೇಕು ಅಂದ ವಸ್ತು ಆ ಕೊಳಲು. ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ ಇತ್ತು: ನಾನು ಆರಿಸಿದ್ದು ನನ್ನ ಕೈಯಲ್ಲಿದೆಯೋ, ಇಲ್ಲ ಅದರ ಜೋಡಿಯೋ?

ಬೇಸಿಗೆ ರಜೆಗೆ ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಧಾರವಾಡಕ್ಕೆ ಹೋಗಬೇಕಾಯಿತು. ಮರದ ಕೊಳಲನ್ನು ಸುಮ್ಮನೆ ಮುಚ್ಚಿಟ್ಟು ಹೋಗುವಂತಿಲ್ಲ. ನಾಗಪುರದ ಮೇ ತಿಂಗಳಲ್ಲಿ ಬಾಗಿಲುಗಳೇ ಚೌಕಟ್ಟಿನಲ್ಲಿ ಸಡಿಲವಾಗಿ ಕಟಕಟ ಅನ್ನುತ್ತವೆ. ಹಾಗೆ ಒಣಗಿದ ಕೊಳಲಿಗೆ ಒಮ್ಮೆಲೇ ಒದ್ದೆ ಉಸಿರು ಬಿಟ್ಟರೆ ಒಳಗೆ ಹಿಗ್ಗಿ, ಹೊರಗೆ ಸೀಳುತ್ತದೆ. ದಿನವೂ ಸ್ವಲ್ಪ ಊದಬೇಕು, ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಒರೆಸಬೇಕು, ಆಗಾಗ ಬಾದಾಮಿ ಎಣ್ಣೆ ಸವರಬೇಕು. ಪೆಟ್ಟಿಗೆಯಲ್ಲಿ ತೂತಿರುವ ಸೋಪಿನ ಡಬ್ಬಿಯೊಳಗೆ ಒದ್ದೆ ಸ್ಪಂಜಿನ ತುಂಡು ಇಡಬೇಕು. ಗಂಡನಿಗೆ ಹೇಳಿದರೆ, "ನನಗೆ ಇಷ್ಟು ಉಪಚಾರ ಯಾವತ್ತಾದ್ರೂ ಆಗಿದ್ಯಾ?" ಅಂದ. ಹಾಗಾಗಿ ಅದು ಕಾಕಾನ ಮನೆಗೆ ಹೋಯಿತು. ನಾನೇ ಕೇಳಿದೆನೋ, ಅವರೇ "ಇಲ್ಲೇ ಬಿಡು" ಅಂದರೋ, ಈಗ ತಿಳಿಯದು. ಅನುಮಾನ ಬಂದ ಮೇಲೆ ಅವರೇ ಅಂದರು ಎಂದು ನನಗೆ ಬಹಳ ಸ್ಪಷ್ಟವಾಗಿ ನೆನಪಾಗತೊಡಗಿತು.

ಈಗ ನನ್ನ ಕೈಯಲ್ಲಿದ್ದ ಕೊಳಲನ್ನು ಕೂಲರಿನ ಮುಂದೆ ಕೂತು ಪರೀಕ್ಷಿಸಿದೆ. ತುಂಡುಗಳ ತುದಿಗೆ ನಾನು ಸುತ್ತಿದ್ದ ಬಿಳಿ ದಾರ ಇರಲಿಲ್ಲ. ಮೇಣ ತಿಕ್ಕಿದ ಹಳದಿ ದಾರವಿತ್ತು. ಬೆಳ್ಳಿ ಪಟ್ಟಿಯೊಂದು ಬಳೆಯಂತೆ ಸಡಿಲವಾಗಿ ತಿರುಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸ್ವರ ಚೆನ್ನಾಗಿತ್ತು. ನನ್ನ ಕೊಳಲಿನಲ್ಲಿ ಎಲ್ಲ ತೂತು ಮುಚ್ಚಿದಾಗ ಬರುವ ಕೆಳಗಿನ ಸ್ವರ ಸದಾ ಕೆಮ್ಮುತ್ತಿತ್ತು. ಇದರಲ್ಲಿ ತುಂಬಿಕೊಂಡು ಬಂತು. ನನ್ನ ವಸ್ತು ನಾನಿಲ್ಲದಾಗ ಸುಧಾರಿಸುವುದನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ.

ಕೊನೆಗೆ ಗೆರೆ. ತೂತುಗಳನ್ನು ಮೇಲೆ ಮಾಡಿ, ಆ ಪಕ್ಕವನ್ನು ಎದುರಿಗೆ ಹಿಡಿದು ನೋಡಿದೆ. ಜೇನಿನ ಬಣ್ಣದ ಗೆರೆ ಇತ್ತು. ಆದರೆ ಬಲದಿಂದ ಎಡಕ್ಕೆ ಇಳಿಯುತ್ತಿತ್ತು. ನನ್ನದು ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ಸದರ್‌ನ ಕಿಟಕಿಯ ಬೆಳಕಿನಲ್ಲಿ ಮೊದಲ ಸಲ ಹಿಡಿದಾಗಲೂ ಹಾಗೇ ಇತ್ತು. ಕಣ್ಣು ಮುಚ್ಚಿದರೆ ಕಾಣುತ್ತಿತ್ತು.

"ಬದಲಿ ಮಾಡ್ಯಾರ," ಅಂದೆ ಗಂಡನಿಗೆ.

"ಯಾರು? ಕಾಕಾನಾ? ಅಲ್ಲ ಕಣೇ, ಅವರು ಚೆನ್ನಾಗಿರೋದನ್ನ ನಿನಗೆ ಕೊಟ್ಟು ಕೆಟ್ಟಿರೋದನ್ನ ಇಟ್ಕೋತಾರಾ? ಎಂಥಾ ಕಳ್ಳ ಅದು?"

ಅದೇ ನನ್ನನ್ನು ಕಾಡಿದ್ದು. ಕದಿಯಲು ಬದಲಿಸಿದ್ದಲ್ಲ. ಹಾಗಾದರೆ ಮುಚ್ಚಿಡಲು. ನನ್ನದು ಅವರ ಕೈಯಲ್ಲಿ ಒಡೆದಿದೆ. ಹೇಳಲಾರದೆ ತಮ್ಮದನ್ನು ಕೊಟ್ಟಿದ್ದಾರೆ. ಹೀಗೆ ಯೋಚಿಸಿದ ಕೂಡಲೇ ಆ ಎರಡು ಕೈಗಳಿಂದ ಕೊಟ್ಟ ಪೆಟ್ಟಿಗೆಗೂ ಅರ್ಥ ಬಂತು. ಎಲ್ಲವೂ ಕೂಡಿಬಂತು. ಎಲ್ಲವೂ ಇಷ್ಟು ಸಲೀಸಾಗಿ ಕೂಡಿಬಂದಾಗ ಹೆದರಬೇಕು ಎಂದು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ನಾನು ಹೆದರಲಿಲ್ಲ. ಭಾನುವಾರ ಸದರ್‌ಗೆ ಹೋದೆ.

ಕಾಕಾ ಬನಿಯನ್ನಿನಲ್ಲಿ ಕೂತು ಪೇಪರ್ ನೋಡುತ್ತಿದ್ದರು. ಕೆಳಗಿನ ಬೇಕರಿಯಿಂದ ಬಿಸ್ಕತ್ತಿನ ವಾಸನೆ ಬರುತ್ತಿತ್ತು.

"ಹೆಂಗೈತಿ ನಿನ್ನ ಕೊಳಲ?" ಅಂದರು.

"ಬಾಳ ಚಲೋ ಆಗೇದರಿ. ನನ್ನದಲ್ಲೇನೋ ಅನ್ನೂಹಂಗ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ದಿನಾ ಊದೀನಿ. ಕೊಳಲಿಗೂ ಉಸಿರಿನ ರೂಢಿ ಆಗತೈತಿ."

"ದಾರ ಬದಲಿ ಮಾಡೀರಿ."

"ನಿನ್ನ ದಾರ ರವಿಕಿ ಹೊಲಿಯೂ ದಾರ. ಕೊಳಲಂದ್ರ ರವಿಕಿ ಏನು?"

"ಪಟ್ಟಿ ಸಡಿಲ ಆಗೇದ."

"ಬ್ಯಾಸಗ್ಯಾಗ ಮರ ಸಣ್ಣ ಆಗತೈತಿ, ಬೆಳ್ಳಿ ಆಗೂದಿಲ್ಲ. ಮಳಿ ಬರಲಿ, ತಾನ ಗಟ್ಟಿ ಆಗತೈತಿ. ನೀ ಸೈನ್ಸ್ ಟೀಚರಬಾಯಿ, ನನಗ ಕೇಳ್ತೀ?"

ಪ್ರತಿಯೊಂದಕ್ಕೂ ಉತ್ತರವಿತ್ತು. ತಡವಿಲ್ಲದೆ ಬರುತ್ತಿತ್ತು. ನಾನು ಸಹಜವಾಗಿ ಎಂಬಂತೆ, "ನಿಮ್ಮ ಕೊಳಲ ಕೊಡ್ರಿ ಕಾಕಾ, ಎರಡೂ ಕೂಡೇ ಊದಿ ನೋಡೂಣು," ಅಂದೆ.

"ನಂದು ಮೌದಾಕ್ಕ ಹೋಗೇತಿ."

ಅವರ ಮಗಳು, ಅಳಿಯ ಮೌದಾದ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿದ್ದಾರೆ. "ಅಲ್ಲೇ ಬಿಟ್ಟು ಬಂದೀರಿ? ಕೊಳಲ ಬಿಟ್ಟು ಬರೂ ಪೈಕಿ ಅಲ್ಲ ನೀವು," ಅಂದೆ.

"ವಯಸ್ಸಾತು ತಂಗಿ. ಹಲ್ಲಿನ ಸೆಟ್ಟು ಸುದ್ದಾ ಬಿಟ್ಟು ಬರ್ತೀನಿ."

ಚಹಾ ತಂದ ಕಾಕು ಗಂಡನ ಮುಖ ನೋಡಿದರು, ನನ್ನದಲ್ಲ. ಚಹಾದ ಕಪ್ಪು-ಬಸಿ ನನ್ನ ಮುಂದಿಟ್ಟು, "ತಣ್ಣಗಾಗತೈತಿ ಕುಡಿಯವ್ವಾ," ಎಂದು ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದು ಬಹಳ ಹೊತ್ತು ಬರಲಿಲ್ಲ. ನಿಂತು ಕೇಳುತ್ತಿದ್ದಾರೆ ಅಂದುಕೊಂಡೆ. ಅವತ್ತು ನಾವು ಊದಲಿಲ್ಲ. ಸೆಖೆ ಅಂದೆ. ಅವರೂ ಸೆಖೆ ಅಂದರು.

ಮೌದಾಕ್ಕೆ ಹೋಗಿ ನೋಡಿಯೇಬಿಡುತ್ತೇನೆ ಎಂದಾಗ ಗಂಡ ಬಿದ್ದು ಬಿದ್ದು ನಕ್ಕ. "ಪವರ್ ಸ್ಟೇಷನ್ ಗೇಟಲ್ಲಿ ಸೆಕ್ಯುರಿಟಿಯವನಿಗೆ ಏನಂತ ಹೇಳ್ತೀಯ? ಬಾಸುರಿ ಕೀ ತಪಾಸ್ ಕರನೇ ಆಯೀ ಹೂಂ, ಕೊಳಲು ತಪಾಸಣೆಗೆ ಬಂದಿದ್ದೀನಿ ಅಂತಲಾ?" ಹೋಗಲಿಲ್ಲ. ಆದರೆ ಆ ವಾರವೆಲ್ಲ ಕೊಳಲನ್ನು ಊದಲೂ ಇಲ್ಲ, ಎಣ್ಣೆ ಸವರಲೂ ಇಲ್ಲ. ಬೇರೆಯವರ ಮಗುವಿಗೆ ಸ್ನಾನ ಮಾಡಿಸುವಾಗಿನ ಸಂಕೋಚ.

ವಾರದ ಕೊನೆಗೆ ಕೈ ತಡೆಯಲಿಲ್ಲ. ಎಂದಿನಂತೆ ಮಲಗುವ ಕೋಣೆಯ ಕಪಾಟಿನ ಕನ್ನಡಿಯ ಎದುರು ನಿಂತೆ. ಅಡ್ಡ ಕೊಳಲು ಕಲಿಯುವವರು ಕನ್ನಡಿಯ ಮುಂದೆಯೇ ಕಲಿಯಬೇಕು. ಗಾಳಿ ತೂತಿನ ಅಂಚಿಗೆ ಸರಿಯಾಗಿ ಬೀಳುತ್ತಿದೆಯೇ, ತುಟಿ ಸೊಟ್ಟಗಾಗಿದೆಯೇ ಎಂಬುದು ಊದುವವರಿಗೆ ಬೇರೆ ರೀತಿಯಲ್ಲಿ ಕಾಣುವುದಿಲ್ಲ. ಎರಡು ಸ್ವರ ಊದಿದೆ. ಕನ್ನಡಿಯಲ್ಲಿ ಕೊಳಲಿನ ಆಚೆ ಪಕ್ಕ ಕಂಡಿತು. ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಿತ್ತು.

ಕೊಳಲು ಇಳಿಸಿ, ತಿರುಗಿಸಿ ನೋಡಿದೆ. ಬಲದಿಂದ ಎಡಕ್ಕೆ. ಕನ್ನಡಿಗೆ ಹಿಡಿದೆ. ಎಡದಿಂದ ಬಲಕ್ಕೆ. ಬೆಳಕಿನ ಪಾಠ ಮಾಡುವ ನಾನು ಇದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ! ಊದುವಾಗ ಆ ಪಕ್ಕ ನನ್ನಿಂದ ದೂರಕ್ಕಿರುತ್ತದೆ, ಪೆಟ್ಟಿಗೆಯಲ್ಲಿ ಕೆಳಗಿರುತ್ತದೆ. ಇಷ್ಟು ತಿಂಗಳು ನಾನು ದಿನವೂ ಕಂಡದ್ದು ಗೆರೆಯನ್ನಲ್ಲ, ಅದರ ಪ್ರತಿಬಿಂಬವನ್ನು.

ಹಾಗಾದರೆ ಕೊಳಲು ನನ್ನದೇ, ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸದರ್‌ನ ಕಿಟಕಿಯ ಬಳಿ, ಕನ್ನಡಿಯಿಲ್ಲದ ಕಡೆ, ಕೊಳಲನ್ನು ಕೈಯಲ್ಲಿ ಹಿಡಿದಾಗ ಗೆರೆ ಎಡದಿಂದ ಬಲಕ್ಕೆ ಇಳಿದದ್ದನ್ನು ನಾನು ನೋಡಿದ್ದೇನಲ್ಲ? ಹಾಗಾದರೆ ಆ ಕಿಟಕಿಯ ನೆನಪಿಗೆ ಗೆರೆಯನ್ನು ನಾನು ಆಮೇಲೆ ಈ ಕಪಾಟಿನ ಕನ್ನಡಿಯಿಂದ ಒಯ್ದು ಅಂಟಿಸಿದ್ದೇನೆ. ಅಲ್ಲಿಗೆ ಇನ್ನೂ ಏನೇನು ಒಯ್ದಿದ್ದೇನೆ? "ಅದನ್ನ ಬಿಡು" ಎಂಬ ಕಾಕಾನ ಮಾತನ್ನೇ? ಬಿಡದ ನನ್ನ ಹಟವನ್ನೇ? ಕಾಕಾನ ಮೇಲಿದ್ದ ಅನುಮಾನ ಕಡಿಮೆಯಾಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು.

ಮುಂದಿನ ಭಾನುವಾರ ಕಾಕಾನೇ ಫೋನ್ ಮಾಡಿದರು. "ಮೌದಾದಿಂದ ಬಂದೈತಿ. ಜಲ್ದಿ ಬಾ. ನಿಂದೂ ತಗೊಂಡು ಬಾ."

ಹೋದಾಗ ದಿವಾನದ ಮೇಲೆ ಟವೆಲ್ ಹಾಸಿ ಅದರ ಮೇಲೆ ಕರಿ ಕೊಳಲನ್ನು ಮಲಗಿಸಿದ್ದರು. ನಡುವಿನ ತುಂಡಿನಲ್ಲಿ, ಮೊದಲ ತೂತಿನಿಂದ ಮೂರನೆಯದರವರೆಗೆ, ಕೂದಲೆಳೆಗಿಂತ ದಪ್ಪದ ಬಿರುಕು.

"ಮಗಳ ಮನ್ಯಾಗ ಏಸಿ," ಅಂದರು. "ಒಳಗ ಥಂಡಿ, ಹೊರಗ ಬೆಂಕಿ. ಊದಾಕತ್ತಿದ್ದೆ, ಟಪ್ ಅಂತು."

"ಆವತ್ತ ಯಾಕ ಹೇಳಲಿಲ್ರಿ?"

"ಊರಿಗೆಲ್ಲಾ ಶಾಣ್ಯಾತನ ಹೇಳಾವನ ಕೊಳಲ ಒಡದೈತಿ ಅಂದ್ರ ನೀ ನಗೂದಿಲ್ಲೇನು? ಮುದುಕಗೂ ಮಾನ ಐತಿ."

ಒಳಗಿನಿಂದ ಕಾಕು, "ಎಂಟು ದಿನಾ ಉಂಡಿಲ್ಲವ್ವಾ ಬರೋಬರಿ. ಒಂದು ಕಟಿಗಿ ತುಂಡಿನ ಸಲುವಾಗಿ!" ಅಂದರು.

ನಾನು ಬಿರುಕು ಬಿಟ್ಟ ತುಂಡನ್ನು ಎತ್ತಿದೆ. ತೂತುಗಳನ್ನು ಮೇಲೆ ಮಾಡಿ ಪಕ್ಕಕ್ಕೆ ತಿರುಗಿಸಿದೆ. ಅದರಲ್ಲೂ ಗೆರೆಯಿತ್ತು. ಒಂದೇ ಮರವಲ್ಲವೇ. ತೆಳು, ಜೇನಿನ ಬಣ್ಣದ್ದು. ಎಡದಿಂದ ಬಲಕ್ಕೆ ಇಳಿಯುತ್ತಿತ್ತು. ಕನ್ನಡಿಯಿಲ್ಲದೆ, ಬರಿಗಣ್ಣಿಗೆ, ಕಿಟಕಿಯ ಬಳಿಯ ನನ್ನ ನೆನಪಿನಲ್ಲಿರುವಂತೆಯೇ.

ಇದನ್ನು ಮತ್ತೊಮ್ಮೆ ಹೇಳಬೇಕು, ಯಾಕೆಂದರೆ ಆಗ ನನಗೂ ಒಮ್ಮೆಗೆ ತಲೆಗೆ ಹೋಗಲಿಲ್ಲ. ಕನ್ನಡಿಯನ್ನು ನಂಬಿದರೆ ಒಡೆಯದ ಕೊಳಲು ನನ್ನದು. ಕಿಟಕಿಯ ನೆನಪನ್ನು ನಂಬಿದರೆ ಒಡೆದದ್ದು ನನ್ನದು.

"ಮೌದಾಕ್ಕ ನಂದೂ ಒಯ್ದಿದ್ರೇನ್ರಿ?" ಅಂದೆ.

"ಎರಡೂ ಒಯ್ದಿದ್ದೆ. ದಿನಾ ಊದಬೇಕಲ್ಲ."

"ಒಡದದ್ದು ನಿಮ್ಮದೇ ಅಂತ ಖಾತ್ರಿ ಅದ ಏನು?"

ಅವರು ನನ್ನ ಮುಖವನ್ನು ನೋಡಿದರು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಕನ್ನಡಕ ತೆಗೆದು ಟವೆಲಿನ ತುದಿಯಲ್ಲಿ ಒರೆಸಿದರು.

"ನಿನಗ ಅನುಮಾನ ಬಂದೈತಿ ಅನ್ನೂದು ಆವತ್ತ ಗೊತ್ತಾತು. ಸೆಖಿ ಅಂತ ನೀ ಊದಲಾರದ ಹೋದಿ. ಈ ಊರಾಗ ಸೆಖಿಗೆ ಅಂಜಿದಾಕಿ ಅಲ್ಲ ನೀ." ಕನ್ನಡಕ ಹಾಕಿಕೊಂಡರು. "ಒಡದದ್ದು ನಂದು. ಆದ್ರ ಒಂದು ಹೇಳ್ತೀನಿ ಕೇಳು. ನಿಂದು ಒಡದಿತ್ತಂದ್ರ, ನಂದು ನಿನ್ನ ಪೆಟಗ್ಯಾಗ ಇಟ್ಟು ಕೊಡಾವ ಇದ್ದೆ. ಹೇಳ್ತಿದ್ದಿಲ್ಲ."

"ಹೇಳ್ತಿದ್ದಿಲ್ಲ?"

"ಏನಂತ ಹೇಳೂದು? ನಂಬಿ ಕೊಟ್ಟದ್ದು ಒಡದೆ ಅಂತೇನು? ಬಾಯಿ ಮುಚಗೊಂಡು ಕೊಡೂದು. ನನ್ನ ಕಡೆ ಅಷ್ಟ ಇತ್ತು."

ಕೆಳಗೆ ಬೇಕರಿಯವರು ತಟ್ಟೆಗಳನ್ನು ಬಡಿಯುತ್ತಿದ್ದರು. ನನಗೆ ಆ ಮಾತು ಹಿಡಿಸಿತು, ಹಿಡಿಸಿದ್ದಕ್ಕೇ ಭಯವೂ ಆಯಿತು. ಒಡೆದದ್ದು ತನ್ನದು ಎನ್ನುವವನು ಹಾಗಲ್ಲದಿದ್ದರೆ ಮುಚ್ಚಿಡುತ್ತಿದ್ದೆ ಎಂದೂ ಅದೇ ಉಸಿರಿನಲ್ಲಿ ಹೇಳುತ್ತಿದ್ದಾನೆ. ಹಾಗಿರುವಾಗ ಮೊದಲ ಮಾತನ್ನು ಎಲ್ಲಿ ಇಟ್ಟುಕೊಳ್ಳಲಿ?

ಕಾಕಾ ನನ್ನ ಪೆಟ್ಟಿಗೆ ತೆರೆದು, ನನ್ನ ಕೊಳಲಿನ ನಡುವಿನ ತುಂಡನ್ನು ತೆಗೆದು, ಟವೆಲಿನ ಮೇಲೆ ಒಡೆದದ್ದರ ಪಕ್ಕದಲ್ಲಿ ಇಟ್ಟರು.

"ಆರಿಸು," ಅಂದರು. "ಒಡದದ್ದು ನಿಂದು ಅನಸತೈತಿ ಅಂದ್ರ ಅದನ್ನ ತಗೋ. ಬಿರುಕಿಗೆ ಅಂಟು ತುಂಬಿ, ದಾರ ಸುತ್ತಿ ಕೊಡ್ತೀನಿ. ಊದಾಕ ಬರತೈತಿ. ಚಂದ ಕಾಣೂದಿಲ್ಲ ಅಷ್ಟ."

ನಾನು ಎರಡನ್ನೂ ನೋಡಿದೆ. ಎರಡೂ ಕಪ್ಪು, ಎರಡರ ಗೆರೆಯೂ ಜೇನು. ತೂಗಿ ನೋಡಲಿಲ್ಲ, ಮೂಸಲಿಲ್ಲ. ಒಡೆಯದ್ದನ್ನು ಎತ್ತಿಕೊಂಡೆ. ಕನ್ನಡಿ ಹೇಳಿದ್ದು ನಿಜ ಅನ್ನಿಸಿದ್ದರಿಂದಲೇ ಎಂದು ಹೇಳಿದರೆ ಪೂರ್ತಿ ನಿಜವಲ್ಲ. ಅದರ ಕೆಳಗಿನ ಸ್ವರ ಕಿವಿಯಲ್ಲಿ ಇನ್ನೂ ಇತ್ತು, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಇದು ನಂದು," ಅಂದೆ.

"ಬರೋಬರ್," ಅಂದರು ಕಾಕಾ. ಬಹಳ ಬೇಗ ಅಂದರು. ಅದು ನಿರಾಳವೋ, ಗೆದ್ದ ಖುಷಿಯೋ, ಬರೀ ಹಸಿವೋ, ತಿಳಿಯಲಿಲ್ಲ.

ಆಮೇಲೆ ಊದಿದೆವು. ಅವರಿಗೆ ಕೊಳಲಿಲ್ಲದ್ದರಿಂದ ನನ್ನ ಟಿನ್ ವಿಸಲ್ ತೆಗೆದುಕೊಂಡರು. ನಾನು ಊದುತ್ತಿದ್ದಷ್ಟು ಹೊತ್ತೂ ಅವರ ಕಣ್ಣು ನನ್ನ ತುಟಿಯ ಮೇಲಿರಲಿಲ್ಲ, ಬೆರಳಿನ ಮೇಲಿರಲಿಲ್ಲ, ಕೊಳಲಿನ ಮೇಲಿತ್ತು. ಮುಗಿದ ಮೇಲೆ, "ಮುಂದಿನ ಬ್ಯಾಸಗಿಗೆ ಇದನ್ನ ನಾ ಧಾರವಾಡಕ್ಕ ಒಯ್ತೀನ್ರಿ," ಅಂದೆ.

"ಒಯ್ಯಿ. ರೈಲಿನ್ಯಾಗ ಮ್ಯಾಲಿನ ಬರ್ತಿನ ಕಡೆ ಇಡಬ್ಯಾಡ, ಛತ್ತು ಕಾದಿರತೈತಿ. ಸೀಟಿನ ಕೆಳಗ ಇಡು." ಬೈಯುವ ದನಿಯಲ್ಲೇ ಅಂದರು, ಎಂದಿನಂತೆ. ಟಿನ್ ವಿಸಲನ್ನು ಒರೆಸಿ ನನಗೆ ಕೊಡುತ್ತಾ, "ಕೆಳಗ ಇಟ್ಟರ ಕಾಲು ತಾಗಿಸಿಕೊಂಡು ಕುಂದರು. ಯಾರನ್ನೂ ನಂಬಬ್ಯಾಡ," ಎಂದೂ ಸೇರಿಸಿದರು.

ಕಾಕು ಊಟಕ್ಕೆ ಕರೆದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ. ಕೊಳಲನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಗಿಟ್ಟು, ಪೆಟ್ಟಿಗೆಯನ್ನು ಚೀಲಕ್ಕಿಟ್ಟೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ನೆಲಕ್ಕೆ ಕೂತೆ. ತಟ್ಟೆ ಹಾಕಲು ಬಗ್ಗಿದ ಕಾಕುವಿಗೆ ಅದು ಅಡ್ಡ ಬಂತು.

"ಅಲ್ಲಿ ದಿವಾನದ ಮ್ಯಾಲ ಇಡವ್ವಾ," ಅಂದರು. "ಮನ್ಯಾಗ ನಾವಿಬ್ಬರ ಅದೀವಿ. ಯಾರು ಒಯ್ತಾರ?"

ಕಾಕಾ ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ.

"ಇರಲಿ ಬಿಡ್ರಿ ಕಾಕು," ಅಂದೆ. ಎಡಗೈಯಲ್ಲಿ ಚೀಲ ಹಿಡಿದುಕೊಂಡೇ ಉಂಡೆ.